ಮೀನಿನ ಕಿವಿಯಲ್ಲೂ ನಮ್ಮ ಹಾಗೆ ಮೋಟಾರ್ ಪ್ರೋಟೀನ್ ಇದೆಯಾ?

ಹಲಸೂರು ಕೆರೆಯ ಮೀನಿಗೂ ನಮ್ಮ ಕಿವಿಯಲ್ಲಿರುವ ಪ್ರೆಸ್ಟಿನ್ ಎಂಬ ಮೋಟಾರ್ ಪ್ರೋಟೀನ್ (ಕೋಶವನ್ನು ಅಲುಗಾಡಿಸುವ ಪ್ರೋಟೀನ್) ಇದೆಯಾ, ಇದ್ದರೆ ಅದೇ ಕೆಲಸ ಮಾಡುತ್ತಾ ಅಂತ ಕೇಳಿದ್ದೀರಿ. ಅದರ ಹತ್ತಿರದ ನೆಂಟ ಇದೆ. ಕೆಲಸ ಮಾತ್ರ ಬೇರೆ.

ನಮ್ಮ ಒಳಕಿವಿಯಲ್ಲಿ ಹೊರಸಾಲಿನ ಕೂದಲು ಕೋಶಗಳಿವೆ, ಅಂದರೆ ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳು. ಅವುಗಳ ಪಕ್ಕದ ಪೊರೆಯ ತುಂಬಾ ಪ್ರೆಸ್ಟಿನ್ ಕಿಕ್ಕಿರಿದಿರುತ್ತದೆ. ಸದ್ದು ಬಂದಾಗ ಕೋಶದ ವೋಲ್ಟೇಜ್ ಬದಲಾಗುತ್ತದೆ. ಆಗ ಪ್ರೆಸ್ಟಿನ್ ಆಕಾರ ಬದಲಿಸುತ್ತದೆ, ಇಡೀ ಕೋಶ ಕುಗ್ಗಿ ಹಿಗ್ಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ! ಸ್ನಾಯುವಿನ ಮೋಟಾರ್ ಪ್ರೋಟೀನ್ ಮಯೋಸಿನ್ ಹಾಗೆ ಇದಕ್ಕೆ ಪ್ರತಿ ಸಲ ಕೋಶದ ಇಂಧನವಾದ ಎಟಿಪಿ ಸುಡಬೇಕಿಲ್ಲ, ವೋಲ್ಟೇಜ್ ಸಾಕು. ಅದಕ್ಕೇ ಇಷ್ಟು ವೇಗ. ಈ ಕುಣಿತ ಸಣ್ಣ ಸದ್ದನ್ನು ದೊಡ್ಡದು ಮಾಡುತ್ತದೆ. ಪ್ರೆಸ್ಟಿನ್ ಇಲ್ಲದ ಇಲಿಗಳಿಗೆ ಕೇಳುವ ಶಕ್ತಿ 40ರಿಂದ 60 ಡೆಸಿಬಲ್‌ನಷ್ಟು ಕುಸಿಯುತ್ತದೆ. ನಾವು ಮಾಮೂಲಿಯಾಗಿ ಮಾತಾಡುವ ಸದ್ದೇ ಸುಮಾರು 60, ಅಲ್ವಾ?

ಮೀನಿಗೆ ಕಾಕ್ಲಿಯಾ, ಅಂದರೆ ನಮ್ಮ ಒಳಕಿವಿಯಲ್ಲಿ ಈ ಕೋಶಗಳಿರುವ ಬಸವನಹುಳುವಿನಾಕಾರದ ಸುರುಳಿ, ಇಲ್ಲ. ಜೀಬ್ರಾ ಮೀನಿನ ಪ್ರೆಸ್ಟಿನ್ ಮುಖ್ಯವಾಗಿ ಸಾಗಣೆಗಾರ: ಪೊರೆಯ ಆಚೆ ಈಚೆ ಕ್ಲೋರೈಡ್, ಸಲ್ಫೇಟ್ ಅಯಾನುಗಳನ್ನು ಅದಲುಬದಲು ಮಾಡುತ್ತದೆ. ವೋಲ್ಟೇಜ್ ಅದಕ್ಕೂ ತಿಳಿಯುತ್ತದೆ, ಆದರೆ ಕೋಶವನ್ನು ಕುಣಿಸುವಷ್ಟು ಕಸುವಿಲ್ಲ. ಸಸ್ತನಿಗಳಲ್ಲಿ ಈ ಹಳೇ ಸಾಗಣೆಗಾರನೇ ಮೋಟಾರ್ ಆಯಿತು. ನನಗಂತೂ ಇದೇ ಸ್ವಾರಸ್ಯ.

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ ಓಎಇ ಎಂಬ ಕಿವಿ ಪರೀಕ್ಷೆ ಮಾಡುತ್ತಾರಲ್ಲ, ಅದು ಕೇಳಿಸಿಕೊಳ್ಳುವುದು ಈ ಕೋಶಗಳ ಕುಣಿತದಿಂದ ಕಿವಿಯೇ ಹೊರಡಿಸುವ ಸಣ್ಣ ಸದ್ದನ್ನು.