ಫಿಲ್ಬರ್ನ್‌ನ ಗೋಧಿ ಮತ್ತು ಅಮೆರಿಕ ಸರ್ಕಾರದ ಅಧಿಕಾರ

ಪ್ರಶ್ನೆ: ಅಮೆರಿಕದ ಸಂವಿಧಾನಕ್ಕೆ ಇದುವರೆಗೆ ಆಗಿರುವುದು 27 ತಿದ್ದುಪಡಿಗಳು ಮಾತ್ರ. ಹಾಗಿದ್ದೂ ಒಕ್ಕೂಟ ಸರ್ಕಾರ ಇಷ್ಟು ಬಲಿಷ್ಠವಾದದ್ದು ಹೇಗೆ? ಅಧ್ಯಕ್ಷ ರೂಸ್‌ವೆಲ್ಟ್ ನ್ಯಾಯಾಧೀಶರನ್ನು ಹೆದರಿಸಿ, ಮನೆಯೂಟಕ್ಕೆ ಗೋಧಿ ಬೆಳೆದ ಬಡ ರೈತನಿಗೂ ದಂಡ ಹಾಕಿಸಿದರು ಎಂಬ ವಿಡಿಯೊ ನೋಡಿದೆ. ನಿಜವೇ?

ಉತ್ತರ: ಈ ವಿಡಿಯೊದ ಬಗ್ಗೆ ಕೇಳದೆ ಒಂದು ತಿಂಗಳೂ ಕಳೆಯುವುದಿಲ್ಲ. ಅದರಲ್ಲಿ ಮಾತನಾಡುವವರು ತೀರ್ಪಿನ ಮೊದಲ ಎರಡು ಪುಟಗಳನ್ನೂ ಓದಿಲ್ಲ ಎಂದು ಖಚಿತವಾಗಿ ಹೇಳಬಲ್ಲೆ. ಓದಿದ್ದರೆ ‘ಮನೆಯೂಟ’ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ.

ರಾಸ್ಕೊ ಫಿಲ್ಬರ್ನ್ ಒಹಾಯೊ ರಾಜ್ಯದಲ್ಲಿ ಹಸು, ಕೋಳಿ ಸಾಕಿಕೊಂಡಿದ್ದ ರೈತ. ಗೋಧಿಯ ಬೆಲೆ ಕುಸಿಯದಂತೆ ಪ್ರತಿ ಹೊಲಕ್ಕೂ ಬಿತ್ತನೆಯ ಮಿತಿ ಗೊತ್ತುಮಾಡುವ ಕಾನೂನು 1938ರಲ್ಲಿ ಬಂದಿತ್ತು. 1941ರ ಬೆಳೆಗೆ ಅವನಿಗೆ ಸಿಕ್ಕ ಮಿತಿ 11.1 ಎಕರೆ, ಬಿತ್ತಿದ್ದು 23 ಎಕರೆ. ಹೆಚ್ಚುವರಿ ಬೆಳೆ 239 ಬುಶೆಲ್. ನಮ್ಮ ಲೆಕ್ಕದಲ್ಲಿ ಸುಮಾರು 65 ಕ್ವಿಂಟಲ್. ಯಾವ ಕುಟುಂಬ ಒಂದು ವರ್ಷದಲ್ಲಿ 65 ಕ್ವಿಂಟಲ್ ಗೋಧಿ ತಿನ್ನುತ್ತದೆ? ಅವನ ಗೋಧಿಯಲ್ಲಿ ಒಂದು ಪಾಲು ಮಾರಾಟಕ್ಕೆ, ಒಂದು ಪಾಲು ಜಾನುವಾರು ಮತ್ತು ಕೋಳಿಗಳಿಗೆ ಹೋಗುತ್ತಿತ್ತು. ಉಳಿದದ್ದು ಹಿಟ್ಟಿಗೆ, ಬಿತ್ತನೆಗೆ. ಬುಶೆಲ್‌ಗೆ 49 ಸೆಂಟ್‌ನಂತೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ಅವನು ಕೋರ್ಟಿಗೆ ಹೋದ, 1942ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ತೀರ್ಪು ಸರ್ವಾನುಮತದ್ದು.

ತೀರ್ಪು ಬರೆದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರ ತರ್ಕ ಇಷ್ಟು: ಬೆಳೆದುಕೊಂಡವನು ಮಾರುಕಟ್ಟೆಯಲ್ಲಿ ಕೊಳ್ಳುವುದಿಲ್ಲ. ಅವನೊಬ್ಬನಿಂದ ಬೆಲೆ ಅಲುಗಾಡದು, ಆದರೆ ಅವನಂಥ ಎಲ್ಲರನ್ನೂ ಕೂಡಿಸಿದರೆ ದೇಶದ ಗೋಧಿ ಬೆಲೆಯೇ ಕುಸಿಯುತ್ತದೆ. ಆದ್ದರಿಂದ ಅದು ರಾಜ್ಯ ರಾಜ್ಯಗಳ ನಡುವಿನ ವಾಣಿಜ್ಯಕ್ಕೆ ಸಂಬಂಧಿಸಿದ್ದು. ಆ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರವನ್ನು ಸಂವಿಧಾನದ ಮೊದಲ ವಿಧಿಯ ಎಂಟನೇ ಸೆಕ್ಷನ್ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಕೊಟ್ಟಿದೆ. ‘ಒಟ್ಟು ಪರಿಣಾಮ’ದ ಈ ತರ್ಕ ಎಲ್ಲಿಯವರೆಗೂ ಹಿಗ್ಗಬಲ್ಲದು ಎಂಬ ಆತಂಕ ನನಗೂ ಇದೆ. ಆತಂಕವನ್ನು ಸುಳ್ಳು ಕಥೆಯ ಮೇಲೆ ಕಟ್ಟಬೇಡಿ ಎನ್ನುವುದಷ್ಟೇ ನನ್ನ ಕೋರಿಕೆ.

ಇನ್ನು ಹೆದರಿಸಿದ ಕಥೆ. 1918ರಲ್ಲಿ ಬಾಲಕಾರ್ಮಿಕರನ್ನು ದುಡಿಸಿಕೊಂಡ ಕಾರ್ಖಾನೆಗಳ ಸರಕಿಗೆ ತಡೆಯೊಡ್ಡಿದ್ದ ಕಾನೂನನ್ನು ಇದೇ ಕೋರ್ಟು ರದ್ದು ಮಾಡಿತ್ತು. ಉತ್ಪಾದನೆ ಬೇರೆ, ವಾಣಿಜ್ಯ ಬೇರೆ ಎಂಬುದು ಆಗಿನ ವಾದ. 1935ರಲ್ಲಿ ಬ್ರೂಕ್ಲಿನ್‌ನ ಕೋಳಿ ವ್ಯಾಪಾರಿಗಳ ಪ್ರಕರಣದಲ್ಲಿ ರೂಸ್‌ವೆಲ್ಟ್ ಅವರ ಕೈಗಾರಿಕಾ ಕಾನೂನು ಬಿದ್ದುಹೋಯಿತು. 1937ರ ಫೆಬ್ರುವರಿಯಲ್ಲಿ ಅವರು ಇನ್ನೂ ಆರು ನ್ಯಾಯಾಧೀಶರವರೆಗೆ ಸೇರಿಸುವ ಯೋಜನೆ ಮುಂದಿಟ್ಟರು. ಮಾರ್ಚ್‌ನಲ್ಲಿ ಕನಿಷ್ಠ ವೇತನದ ಪ್ರಕರಣದಲ್ಲಿ ಕಾನೂನನ್ನು ಎತ್ತಿಹಿಡಿದು ಕೋರ್ಟು ದಿಕ್ಕು ಬದಲಿಸಿತು. ಇಷ್ಟನ್ನು ಜೋಡಿಸಿ ‘ಹೆದರಿದರು’ ಎನ್ನುತ್ತಾರೆ. ಆದರೆ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಓವನ್ ರಾಬರ್ಟ್ಸ್ ನಿರ್ಣಾಯಕ ಮತ ಹಾಕಿದ್ದು 1936ರ ಡಿಸೆಂಬರ್‌ನಲ್ಲಿ, ಯೋಜನೆ ಹೊರಬೀಳುವ ಮೊದಲೇ. ಮೇಲಾಗಿ ಅದು ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕರಣ, ವಾಣಿಜ್ಯ ಅಧಿಕಾರದ್ದಲ್ಲ. ಒತ್ತಡವೇ ಇರಲಿಲ್ಲ ಎಂದಲ್ಲ. ಹಿಂದಿನ ನವೆಂಬರ್‌ನಲ್ಲಷ್ಟೇ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದಿದ್ದರು. ಅದು ನ್ಯಾಯಾಧೀಶರಿಗೂ ಗೊತ್ತಿತ್ತು. ಯೋಜನೆ ಸೆನೆಟ್‌ನಲ್ಲೇ ಸತ್ತಿತು. ನಂತರ ಹಿರಿಯ ನ್ಯಾಯಾಧೀಶರು ಒಬ್ಬೊಬ್ಬರಾಗಿ ಪೀಠ ತೊರೆದರು. 1942ರ ಹೊತ್ತಿಗೆ ಅಲ್ಲಿದ್ದವರು ಬಹುತೇಕ ರೂಸ್‌ವೆಲ್ಟ್ ನೇಮಿಸಿದವರೇ. ಬದಲಾವಣೆ ಗಟ್ಟಿಯಾದದ್ದು ಹಾಗೆ.

ವಿಡಿಯೊ ಮುಟ್ಟದ ಭಾಗ ನನಗೆ ಮುಖ್ಯ. ಅಂತರ್ಯುದ್ಧದ ನಂತರ ಸಮಾನತೆಗಾಗಿಯೇ 14ನೇ ತಿದ್ದುಪಡಿ ಬಂತು. ಆದರೆ ಅದು ಸರ್ಕಾರವನ್ನಷ್ಟೇ ಕಟ್ಟಿಹಾಕುತ್ತದೆ, ಖಾಸಗಿ ಹೋಟೆಲು ರಂಗಮಂದಿರಗಳನ್ನಲ್ಲ ಎಂದು 1883ರಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿತು. 1964ರ ನಾಗರಿಕ ಹಕ್ಕುಗಳ ಕಾನೂನು ಬಂದಾಗ ಅಟ್ಲಾಂಟಾದ 216 ಕೋಣೆಗಳ ಮೋಟೆಲ್ ಒಂದು ಕಪ್ಪು ಜನರಿಗೆ ಕೋಣೆ ಕೊಡುವುದಿಲ್ಲವೆಂದು ಕೋರ್ಟಿಗೆ ಹೋಯಿತು. ಅದರ ಅತಿಥಿಗಳಲ್ಲಿ ಮುಕ್ಕಾಲು ಪಾಲು ಹೊರರಾಜ್ಯದವರು. ರಾತ್ರಿ ತಂಗಲು ಜಾಗ ಸಿಗದ ಮನುಷ್ಯ ಪ್ರಯಾಣವನ್ನೇ ಕೈಬಿಡುತ್ತಾನೆ, ಅದು ಅಂತರರಾಜ್ಯ ವಾಣಿಜ್ಯಕ್ಕೆ ಅಡ್ಡಿ ಎಂದು ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಅದೇ ದಿನ ಬರ್ಮಿಂಗ್‌ಹ್ಯಾಮ್‌ನ ಉಪಾಹಾರ ಗೃಹವೊಂದರ ವಿಷಯದಲ್ಲೂ ಹಾಗೇ ಆಯಿತು. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಊರಿನವರೇ, ಮಾಂಸ ಮಾತ್ರ ಹೊರರಾಜ್ಯದಿಂದ ಬಂದದ್ದು. ಫಿಲ್ಬರ್ನ್ ತೀರ್ಪಿನ ತರ್ಕ ಇಲ್ಲಿ ನೇರವಾಗಿ ನೆರವಿಗೆ ಬಂತು. ಗೋಧಿಯ ತೀರ್ಪನ್ನು ಕಿತ್ತುಹಾಕಿ ಎನ್ನುವವರು ಈ ಹೋಟೆಲಿನ ಬಾಗಿಲನ್ನು ಯಾವ ಅಧಿಕಾರದಿಂದ ತೆರೆಸುತ್ತೀರಿ ಎಂದು ಮೊದಲು ಹೇಳಬೇಕು.

ಹಾಗೆಂದು ಅಧಿಕಾರ ಮಿತಿಯಿಲ್ಲದೆ ಬೆಳೆದಿದೆ ಎನ್ನುವುದೂ ಸುಳ್ಳು. 1995ರಲ್ಲಿ, ಸ್ಯಾನ್ ಆಂಟೋನಿಯೊದ ಶಾಲೆಗೆ ಪಿಸ್ತೂಲು ತಂದ ವಿದ್ಯಾರ್ಥಿಯ ಪ್ರಕರಣದಲ್ಲಿ, ಇದು ವಾಣಿಜ್ಯವೇ ಅಲ್ಲವೆಂದು ಕೋರ್ಟು 5–4ರಿಂದ ಕಾನೂನು ರದ್ದು ಮಾಡಿತು. 2005ರಲ್ಲಿ ಕ್ಯಾಲಿಫೋರ್ನಿಯಾದ ರೋಗಿಗಳು ಮನೆಯಲ್ಲಿ ಬೆಳೆದ ಗಾಂಜಾ ಗಿಡಗಳ ವಿಷಯದಲ್ಲಿ ಮತ್ತೆ ಫಿಲ್ಬರ್ನ್ ತರ್ಕವೇ ಗೆದ್ದಿತು. 2012ರಲ್ಲಿ ಆರೋಗ್ಯ ವಿಮೆ ಕೊಳ್ಳಲೇಬೇಕೆಂಬ ನಿಯಮ ವಾಣಿಜ್ಯ ಅಧಿಕಾರದಡಿ ನಿಲ್ಲಲಿಲ್ಲ, ತೆರಿಗೆಯೆಂದು ಉಳಿಯಿತು. ಒಂದೇ ತೀರ್ಪು ತೋರಿಸಿ ಇಡೀ ಇತಿಹಾಸ ಹೇಳುವವರನ್ನು ನಂಬಬೇಡಿ.

ಪ್ರಶ್ನೆ: ಅಧ್ಯಕ್ಷರು ಆದೇಶ ಹೊರಡಿಸಿದರೆ ಅದೇ ಕಾನೂನಲ್ಲವೇ?

ಉತ್ತರ: ಅಲ್ಲ. ಕೊರಿಯಾ ಯುದ್ಧದ ನಡುವೆಯೇ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡ ಟ್ರೂಮನ್ ಅವರ ಆದೇಶವನ್ನು ಸುಪ್ರೀಂ ಕೋರ್ಟು 1952ರಲ್ಲಿ 6–3ರಿಂದ ರದ್ದು ಮಾಡಿತು.

ಪ್ರಶ್ನೆ: ತಿದ್ದುಪಡಿಯಿಂದಲೂ ಸಂವಿಧಾನದ ತಿರುಳನ್ನು ಬದಲಿಸುವಂತಿಲ್ಲ ಎಂಬ, ನಮ್ಮಲ್ಲಿರುವ ‘ಮೂಲಸ್ವರೂಪ’ದ ಸಿದ್ಧಾಂತ ಅಲ್ಲಿಯೂ ಇದೆಯೇ?

ಉತ್ತರ: ಇಲ್ಲ. ಎಡನೀರು ಮಠದ ಕೇಶವಾನಂದ ಭಾರತಿ ಶ್ರೀಗಳ ಹೆಸರಿನ 1973ರ ತೀರ್ಪು ನಮ್ಮದು. ಅಲ್ಲಿ 38 ರಾಜ್ಯಗಳು ಒಪ್ಪಿದ ತಿದ್ದುಪಡಿಯನ್ನು ಅಂಥ ಸಿದ್ಧಾಂತದ ಬಲದಿಂದ ಕೋರ್ಟು ರದ್ದು ಮಾಡಿದ್ದಿಲ್ಲ.

ಪ್ರಶ್ನೆ: 16ನೇ ತಿದ್ದುಪಡಿ ಸರಿಯಾಗಿ ಅಂಗೀಕಾರವಾಗಿಲ್ಲ, ಆದಾಯ ತೆರಿಗೆ ಕಟ್ಟಬೇಕಿಲ್ಲ ಎಂದು ಟೆಕ್ಸಸ್‌ನಲ್ಲಿ ಸಲಹೆಗಾರರೊಬ್ಬರು ಹೇಳಿದರು.

ಉತ್ತರ: ಅವರಿಗೆ ಕೊಟ್ಟ ಶುಲ್ಕ ವಾಪಸು ಕೇಳಿ. ಈ ವಾದವನ್ನು ಕೋರ್ಟುಗಳು ಪ್ರತಿ ಬಾರಿಯೂ ತಳ್ಳಿಹಾಕಿವೆ. ಇದನ್ನು ಬರೆದು ರಿಟರ್ನ್ ಸಲ್ಲಿಸಿದರೆ ತೆರಿಗೆಯ ಜೊತೆಗೆ 5,000 ಡಾಲರ್ ದಂಡ ಬೀಳಬಹುದು. ಕಟ್ಟುವವರು ನೀವು, ಸಲಹೆಗಾರರಲ್ಲ.

ಪ್ರಶ್ನೆ: ನಾವಿಬ್ಬರೂ ಎಚ್-1ಬಿ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದೇವೆ. 2023ರಲ್ಲಿ ಇಲ್ಲೇ ಹುಟ್ಟಿದ ಮಗಳ ಪೌರತ್ವ, ಹುಟ್ಟಿನಿಂದ ಬರುವ ಪೌರತ್ವಕ್ಕೆ ಮಿತಿ ಹಾಕುವ ಅಧ್ಯಕ್ಷರ 2025ರ ಆದೇಶದಿಂದ ಹೋಗುತ್ತದೆಯೇ?

ಉತ್ತರ: ಆ ಜನವರಿ ಆದೇಶ ತನ್ನ ಮಾತಿನಲ್ಲೇ, ಹೊರಬಿದ್ದು 30 ದಿನ ಕಳೆದ ಮೇಲೆ ಹುಟ್ಟುವ ಮಕ್ಕಳಿಗಷ್ಟೇ ಅನ್ವಯಿಸುತ್ತದೆ. ನಿಮ್ಮ ಮಗಳು ಅದರ ವ್ಯಾಪ್ತಿಯಲ್ಲೇ ಇಲ್ಲ. ಎರಡನೆಯ ಮಗುವಿನ ಯೋಚನೆಯಿದ್ದರೆ ಪರವಾನಗಿ ಇರುವ ವಲಸೆ ವಕೀಲರ ಬಳಿ ಹೋಗಿ, ಕೋರ್ಟಿನಲ್ಲಿ ಇವತ್ತಿನ ಸ್ಥಿತಿ ಏನೆಂದು ಕೇಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಬೇಡಿ.