ಲಾಭದ ಲೆಕ್ಕದಲ್ಲಿ ಕಾಣದ ಖರ್ಚು

ಪ್ರಶ್ನೆ: ಮಾನ್ಯರೇ, ನಲವತ್ತು ಮಂದಿ ದುಡಿಯುವ ಒಂದು ಘಟಕವನ್ನು ನಡೆಸುತ್ತಿದ್ದೇನೆ. ತೆರಿಗೆ ಕಟ್ಟುತ್ತೇನೆ, ತಿಂಗಳು ತಿಂಗಳು ತಪ್ಪದೆ ಸಂಬಳ ಕೊಡುತ್ತೇನೆ. ಇಷ್ಟಾದ ಮೇಲೂ ಉದ್ಯಮಗಳು ಸಾಮಾಜಿಕ ಹೊಣೆಗಾರಿಕೆಯನ್ನು ಹೊರಬೇಕೆಂದು ಹೋದಲ್ಲೆಲ್ಲ ಕೇಳಿಬರುತ್ತಿದೆ. ಜನರ ಹಿತ ಸರ್ಕಾರದ ಕೆಲಸ, ವ್ಯಾಪಾರಿಯ ಕೆಲಸ ವ್ಯಾಪಾರ ಎಂಬ ನನ್ನ ಅಭಿಪ್ರಾಯದಲ್ಲಿ ತಪ್ಪೇನಿದೆ?

ಉತ್ತರ: ನಿಮ್ಮ ಅಭಿಪ್ರಾಯಕ್ಕೆ ದೊಡ್ಡವರ ಬೆಂಬಲವೇ ಇದೆ. ಲಾಭ ಹೆಚ್ಚಿಸುವುದೇ ಉದ್ಯಮದ ಸಾಮಾಜಿಕ ಹೊಣೆ, ಷೇರುದಾರರ ಹಣವನ್ನು ವ್ಯವಸ್ಥಾಪಕರು ತಮಗೆ ತೋಚಿದ ಸತ್ಕಾರ್ಯಕ್ಕೆ ವ್ಯಯಿಸುವುದು ಸಲ್ಲದು ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆಯಲ್ಲಿರುವ ಆಕ್ಷೇಪವೂ ಅದೇ. ಆದರೆ ಅದೇ ಲೇಖನದಲ್ಲಿ ಅವರು ಲಾಭ ಗಳಿಕೆಗೆ ಸಮಾಜದ ಕಾನೂನನ್ನೂ ನೈತಿಕ ನಡವಳಿಕೆಯನ್ನೂ ಎಲ್ಲೆಯಾಗಿ ಇಟ್ಟಿದ್ದರು. ಅವರನ್ನು ಉದಾಹರಿಸುವವರು ಈ ಎಲ್ಲೆಯ ಮಾತನ್ನು ಬಿಟ್ಟೇ ಉದಾಹರಿಸುತ್ತಾರೆ.

ಹೊಣೆಗಾರಿಕೆಯನ್ನು ದಾನವೆಂದು ತಿಳಿಯುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಗಳಿಸಿದ ಲಾಭದಲ್ಲಿ ಎಷ್ಟು ಭಾಗ ಹಂಚಿದಿರಿ ಎಂಬುದು ನಂತರದ ಮಾತು; ಆ ಲಾಭ ಬಂದದ್ದು ಹೇಗೆ, ಅದಕ್ಕಾಗಿ ನಿಮ್ಮ ಲೆಕ್ಕದ ಪುಸ್ತಕದಲ್ಲಿ ದಾಖಲಾಗದ ಯಾವ ಖರ್ಚನ್ನು ಯಾರು ಹೊತ್ತರು ಎಂಬುದು ಮೊದಲ ಮಾತು. ತ್ಯಾಜ್ಯ ನೀರನ್ನು ಶುದ್ಧಗೊಳಿಸದೆ ಹೊಳೆಗೆ ಬಿಟ್ಟ ಕಾರ್ಖಾನೆಗೆ ಶುದ್ಧೀಕರಣದ ಖರ್ಚು ಉಳಿಯುತ್ತದೆ ನಿಜ, ಆದರೆ ಆ ಖರ್ಚು ಇಲ್ಲವಾಗುವುದಿಲ್ಲ. ಕೆಳಗಿನ ಊರಿನ ಮೀನುಗಾರನ ಖಾಲಿ ಬಲೆಯಾಗಿ, ಮಕ್ಕಳ ಚರ್ಮರೋಗವಾಗಿ, ಆಸ್ಪತ್ರೆಯ ಬಿಲ್ಲಾಗಿ ಬೇರೆಯವರ ಮನೆ ಸೇರುತ್ತದೆ. ಅದನ್ನು ಲಾಭವೆಂದು ಕರೆಯುವುದಕ್ಕಿಂತ ಬೇರೆಯವರ ಮೇಲೆ ಹೊರಿಸಿದ ಸಾಲವೆಂದು ಕರೆಯುವುದೇ ಸರಿಯೆಂದು ನಾನು ಭಾವಿಸುತ್ತೇನೆ.

ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಕಟ್ಟಡದ ಸಂಗತಿಯನ್ನು ನೆನೆಯಿರಿ. 2013ರ ಏಪ್ರಿಲ್ 23ರಂದು ಅದರಲ್ಲಿ ದೊಡ್ಡ ಬಿರುಕುಗಳು ಕಾಣಿಸಿಕೊಂಡವು. ಕೆಳಗಿನ ಅಂತಸ್ತುಗಳಲ್ಲಿದ್ದ ಬ್ಯಾಂಕು ಮತ್ತು ಅಂಗಡಿಗಳು ಕೂಡಲೇ ಬಾಗಿಲು ಹಾಕಿದವು. ಮೇಲಿನ ಸಿದ್ಧ ಉಡುಪು ಕಾರ್ಖಾನೆಗಳವರು ಮಾತ್ರ ಕಾರ್ಮಿಕರನ್ನು ಮರುದಿನ ಕೆಲಸಕ್ಕೆ ಬರುವಂತೆ ಒತ್ತಾಯಿಸಿದರು. ಮರುದಿನ ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ಒಂದೇ, ಬಿರುಕೂ ಒಂದೇ. ಬ್ಯಾಂಕಿನ ನೌಕರ ಮನೆಯಲ್ಲಿ ಉಳಿದ, ಹೊಲಿಗೆ ಯಂತ್ರದ ಮುಂದಿನ ಹೆಣ್ಣುಮಗಳು ಉಳಿಯಲಿಲ್ಲ. ಅಲ್ಲಿ ಹೊಲಿಸಿದ ಬಟ್ಟೆಯನ್ನು ಮಾರುತ್ತಿದ್ದ ಯುರೋಪ್ ಮತ್ತು ಅಮೆರಿಕದ ಕಂಪನಿಗಳಿಗೆ ಆ ಕಾರ್ಖಾನೆಗಳು ಸ್ವಂತದ್ದಲ್ಲ, ಆದ್ದರಿಂದ ನಮಗೇನು ಸಂಬಂಧ ಎಂಬ ವಾದ ಜಗತ್ತಿನ ಮುಂದೆ ನಿಲ್ಲಲಿಲ್ಲ. ಅಗ್ಗದ ದರ, ಅವಸರದ ಗಡುವು ಎರಡನ್ನೂ ಕೇಳುವವನು ಆ ಗಡುವು ಯಾರ ಕೊರಳಿಗೆ ಬಿಗಿಯುತ್ತದೆಂದು ಕೇಳದೆ ಇರಬಾರದು. ಅದೇ ವರ್ಷ ಅನೇಕ ಕಂಪನಿಗಳು ಕಾರ್ಮಿಕ ಸಂಘಟನೆಗಳೊಡನೆ ಬೆಂಕಿ ಮತ್ತು ಕಟ್ಟಡ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದವು. ಆ ಎಚ್ಚರ ಒಂದು ವರ್ಷ ಮೊದಲೇ ಬಂದಿದ್ದರೆ ಎಂಬ ನೋವು ಇಂದಿಗೂ ನನ್ನನ್ನು ಕಾಡುತ್ತದೆ.

ಹೊಣೆ ಹೊತ್ತವರು ನಷ್ಟಪಟ್ಟೇ ತೀರುತ್ತಾರೆಂದೂ ಇಲ್ಲ. 1982ರಲ್ಲಿ ಶಿಕಾಗೊ ಪ್ರದೇಶದಲ್ಲಿ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಿಗೆ ಸಯನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ತಪ್ಪು ತಯಾರಕರದಲ್ಲದಿದ್ದರೂ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯು ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ತರಿಸಿಕೊಂಡು, ಮುಚ್ಚಳ ತೆರೆದಿದ್ದರೆ ಗೊತ್ತಾಗುವಂಥ ಹೊಸ ಪ್ಯಾಕಿಂಗಿನಲ್ಲಿ ಔಷಧವನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಕುಸಿದಿದ್ದ ಮಾರಾಟ ಬೇಗನೆ ಚೇತರಿಸಿಕೊಂಡಿತು. ಹಾಗೆಂದು ಪ್ರತಿ ಸಲವೂ ಹೀಗೆಯೇ ಆಗುತ್ತದೆಂದು ನಿಮಗೆ ಭರವಸೆ ಕೊಡಲಾರೆ. ಲಾಭ ತಂದರೆ ಮಾತ್ರ ಹೊಣೆ ಎನ್ನುವವರು ಲಾಭ ತಾರದ ದಿನ ಅದನ್ನು ಕೆಳಗಿಳಿಸುತ್ತಾರೆ.

ಪ್ರಶ್ನೆ: ಸಸಿ ನೆಟ್ಟು, ಪುಸ್ತಕ ಹಂಚಿ, ಅದರ ಫೋಟೋಗಳನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದನ್ನೂ ಹೊಣೆಗಾರಿಕೆ ಎನ್ನಬಹುದೇ?

ಉತ್ತರ: ಸಸಿ ನೆಟ್ಟದ್ದು ಒಳ್ಳೆಯದೇ, ಮೂರು ವರ್ಷದ ನಂತರ ಅದಕ್ಕೆ ನೀರು ಹಾಕುವವರು ಯಾರೆಂದು ವರದಿಯಲ್ಲಿ ಹುಡುಕಿ. ಮರ್ಕ್ ಎಂಬ ಔಷಧ ಕಂಪನಿಯು, ಕಣ್ಣು ಕಳೆಯಬಲ್ಲ ನದಿಕುರುಡು ರೋಗಕ್ಕೆ ಬಳಸುವ ಐವರ್ಮೆಕ್ಟಿನ್ ಔಷಧವನ್ನು ಅಗತ್ಯವಿರುವಷ್ಟು ಕಾಲ, ಅಗತ್ಯವಿರುವಷ್ಟು ಪ್ರಮಾಣದಲ್ಲಿ ಉಚಿತವಾಗಿ ಕೊಡುವುದಾಗಿ 1987ರಲ್ಲಿ ಘೋಷಿಸಿತು. ರೋಗ ತಗಲುತ್ತಿದ್ದವರಿಗೆ ಅದನ್ನು ಕೊಳ್ಳುವ ಶಕ್ತಿಯೇ ಇರಲಿಲ್ಲ. ದಶಕಗಳು ಕಳೆದರೂ ಆ ಪೂರೈಕೆ ನಿಲ್ಲಲಿಲ್ಲ. 2013ರಲ್ಲಿ ಕೊಲಂಬಿಯಾ ಈ ರೋಗವನ್ನು ನಿರ್ಮೂಲಗೊಳಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ತನಗೆ ಚೆನ್ನಾಗಿ ಗೊತ್ತಿರುವ ಕೆಲಸದಿಂದಲೇ ನೆರವಾಗುವುದಕ್ಕೂ ಒಂದು ದಿನದ ಸಮಾರಂಭಕ್ಕೂ ಇರುವ ಅಂತರ ಇದು.

ಪ್ರಶ್ನೆ: ಸಣ್ಣ ಉದ್ಯಮದವರು ಎಲ್ಲಿಂದ ಆರಂಭಿಸಬೇಕು?

ಉತ್ತರ: ಬಾಕಿ ಬಿಲ್ಲುಗಳ ಕಡತದಿಂದ. ಲೆಕ್ಕಪತ್ರಗಳನ್ನು ನೋಡುವ ನನ್ನ ವೃತ್ತಿಯಲ್ಲಿ ಒಮ್ಮೆ, ರಟ್ಟಿನ ಪೆಟ್ಟಿಗೆ ಒದಗಿಸುತ್ತಿದ್ದ ಒಬ್ಬರ ಬಿಲ್ಲಿನ ಮೇಲೆ ‘ಮುಂದಿನ ತಿಂಗಳು’ ಎಂದು ಪೆನ್ಸಿಲಿನಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ದನ್ನು ಕಂಡೆ. ಕೊಡಬೇಕಾದವರ ಖಾತೆಯಲ್ಲಿ ಹಣವಿತ್ತು. ಕಾಯುತ್ತಿದ್ದವರು ತಮ್ಮ ಕೆಲಸಗಾರರ ಸಂಬಳಕ್ಕಾಗಿ ಬಡ್ಡಿಗೆ ಸಾಲ ತಂದಿದ್ದರು. ಅಂಥ ಬಿಲ್ಲನ್ನು ಮೊದಲು ಪಾವತಿ ಮಾಡಿ. ಆಮೇಲೆ ಕೆಲಸದ ಕೊಠಡಿಗೆ ಹೋಗಿ, ತುರ್ತು ಬಾಗಿಲಿನ ಮುಂದೆ ಸರಕು ಪೇರಿಸಿದ್ದಾರೆಯೇ, ಅದು ಒಳಗಿನಿಂದ ತೆರೆಯುತ್ತದೆಯೇ ಎಂದು ನಿಮ್ಮ ಕೈಯಿಂದಲೇ ತಳ್ಳಿ ನೋಡಿ.