ಕಾವೋರ್‌ನಿಂದ ಫಿಜಾಕ್‌ಗೆ ನದಿ ಪಕ್ಕದಲ್ಲೇ ಮೌಂಟನ್ ಬೈಕ್: ದಿನಕ್ಕೆ 60 ಕಿ.ಮೀ. ಆಗುತ್ತದಾ?

ಫ್ರಾನ್ಸಿನ ಕಾವೋರ್‌ನಿಂದ ಫಿಜಾಕ್‌ಗೆ ನದಿ ಪಕ್ಕದ ದಾರಿ, ಹಾಗಾಗಿ ಸಮತಟ್ಟು, ಹೋಗಿ ಬರೋಕೆ ನಾಲ್ಕು ದಿನ ಸಾಕಾ, ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಹಾರ್ಡ್‌ಟೇಲ್ ಬಾಡಿಗೆಗೆ ತಗೊಳ್ಳೋದಾ, ಹಿಂದೆ ಮುಂದೆ ಎರಡೂ ಕಡೆ ಇರೋ ಫುಲ್ ಸಸ್ಪೆನ್ಷನ್ನಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ಮೂರು ವರ್ಷದ ಹಿಂದೆ ನಾನು ಹಾಕಿದ್ದು ಇದೇ ಲೆಕ್ಕ. ಇದೇ ಊರುಗಳು, ಇದೇ ನದಿ, ಹೆಚ್ಚು ಕಡಿಮೆ ಇದೇ 60.

ನಾನಿರೋದು ತುಲೂಸ್‌ನಲ್ಲಿ. ವಿಮಾನದ ಕೆಲಸಕ್ಕೆ ಅಂತ ಬಂದ ನಮ್ಮ ಕಡೆಯವರು ಇಲ್ಲಿ ಸುಮಾರು ಜನ ಇದ್ದಾರೆ. ಬೆಂಗಳೂರಿನಲ್ಲಿದ್ದಾಗ ತುರಹಳ್ಳಿ ಕಾಡಿನಲ್ಲಿ ಬೈಕ್ ಓಡಿಸುತ್ತಿದ್ದೆ, ಭಾನುವಾರ ಬೆಳಗಿನ ಜಾವ ಎದ್ದು ನಂದಿ ಬೆಟ್ಟಕ್ಕೆ ಹೋಗಿ ಬರುತ್ತಿದ್ದೆ. ನೂರು ಕಿ.ಮೀ. ಮುಗಿಸಿ ತಿಂಡಿ ಹೊತ್ತಿಗೆ ಮನೆ ಸೇರಿ ಅಭ್ಯಾಸ ಇದ್ದವನು ನಾನು. ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬೈಕನ್ನು ಟ್ರೈನಿಗೆ ಹಾಕಿಕೊಂಡು ಕಾವೋರ್‌ನಲ್ಲಿ ಇಳಿದೆ. ವಲಾಂತ್ರೆ ಸೇತುವೆ ನೋಡಿದೆ, 14ನೇ ಶತಮಾನದ್ದು, ಮೂರು ಗೋಪುರ ಇದೆ, ಫೋಟೋ ತೆಗೆದೆ. ಬೈಕ್ ಹತ್ತಿದಾಗ ಹತ್ತು ಗಂಟೆ. ಸಂಜೆ ಮಾರ್ಸಿಯಾಕ್ ಅನ್ನೋ ಊರಿನಲ್ಲಿ ರೂಮು. ಮೊದಲು ಲಾಟ್ ನದಿ ಪಕ್ಕ, ಆಮೇಲೆ ಅದಕ್ಕೆ ಬಂದು ಸೇರುವ ಸೆಲೆ ನದಿ ಪಕ್ಕ, ಒಟ್ಟು 58 ಕಿ.ಮೀ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದರ ಮೇಲೇ ನಿಂತಿದ್ದೀರಿ. ದಾರಿ ಗುರುತು ಮಾಡಿದ ಆಪ್‌ನಲ್ಲಿ ಎರಡು ಅಂಕಿ ಇತ್ತು. ದೂರ 58 ಕಿ.ಮೀ., ಏರು, ಅಂದರೆ ದಾರಿಯುದ್ದಕ್ಕೂ ಹತ್ತಬೇಕಾದ ಒಟ್ಟು ಎತ್ತರ, 1,500 ಮೀಟರ್. ಎರಡನ್ನೂ ನೋಡಿದ್ದೆ. ಮೊದಲನೆಯದನ್ನು ನಂಬಿದೆ, ಎರಡನೆಯದನ್ನು ನಂಬಲಿಲ್ಲ. ನದಿ ಪಕ್ಕ ಹೋಗೋ ದಾರಿಗೆ ಅಷ್ಟು ಏರು ಎಲ್ಲಿಂದ ಬರಬೇಕು, ಆಪ್ ಏನೋ ತಪ್ಪು ತೋರಿಸುತ್ತಿದೆ ಅಂದುಕೊಂಡೆ. ಕಣಿವೆ ಅಂದ ತಕ್ಷಣ ನನ್ನ ಕಣ್ಣಿಗೆ ಕಂಡಿದ್ದು ಗದ್ದೆ ಬಯಲಿನ ನಡುವೆ ಹೊಳೆ, ಹೊಳೆ ದಂಡೆ ಮೇಲೆ ಕಾಲುದಾರಿ.

ಇಲ್ಲಿ ಹಾಗಿಲ್ಲ. ಲಾಟ್ ಮತ್ತು ಸೆಲೆ ಎರಡೂ ಸುಣ್ಣದಕಲ್ಲಿನ ಬಯಲನ್ನು ಆಳವಾಗಿ ಕೊರೆದುಕೊಂಡು ಹೋಗಿವೆ. ಕೆಳಗೆ ನದಿ ಪಕ್ಕ ಇರುವ ಸಮತಟ್ಟು ಜಾಗ ಒಂದು ಪಟ್ಟಿ ಅಷ್ಟೇ. ಆ ಪಟ್ಟಿಯನ್ನು ಡಾಂಬರು ರಸ್ತೆ, ಮನೆ, ಹೊಲ, ಆಕ್ರೋಟ್ ತೋಟ ಎಲ್ಲಾ ಹಂಚಿಕೊಂಡಿವೆ. ಕೆಲವು ಕಡೆ ನದಿಗೆ ಅಂಟಿಕೊಂಡೇ ಗೋಡೆಯ ಹಾಗೆ ಬಂಡೆ ಎದ್ದಿದೆ. ಕಾಲುದಾರಿಗೆ ಉಳಿದಿರೋದು ಮೇಲುಗಡೆ. ಹಾಗಾಗಿ ಟ್ರೇಲ್ ಪ್ರತಿ ಸಲ ಬಂಡೆಯ ತಲೆಗೆ ಹತ್ತುತ್ತದೆ, ಮೇಲಿನ ಬಯಲಿನಲ್ಲಿ ಓಡುತ್ತದೆ, ಮತ್ತೆ ಮುಂದಿನ ಊರಿಗೆ ಇಳಿಯುತ್ತದೆ. ಒಂದು ಹತ್ತುವಿಕೆ 200 ಮೀಟರ್ ಆಸುಪಾಸು. ದಿನಕ್ಕೆ ಏಳು ಸಲ ಮಾಡಿ, 1,500 ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಆಪ್ ಸರಿಯಾಗೇ ಹೇಳಿತ್ತು.

ಮೇಲಿನ ಆ ಬಯಲಿಗೆ ಇಲ್ಲಿನವರು ಕೋಸ್ ಅನ್ನುತ್ತಾರೆ. ಕುಳ್ಳ ಓಕ್ ಮರಗಳು, ಮುಳ್ಳು ಪೊದೆ, ಗಾರೆ ಇಲ್ಲದೆ ಕಲ್ಲು ಮೇಲೆ ಕಲ್ಲು ಪೇರಿಸಿದ ಉದ್ದುದ್ದ ಗೋಡೆಗಳು, ಕುರಿ ಕಾಯೋರು ಕಟ್ಟಿಕೊಂಡ ಗುಂಡನೆ ಕಲ್ಲುಗುಡಿಸಲು. ಕಣ್ಣಿನ ಸುತ್ತ ಕಪ್ಪು ಬಳಿದ ಹಾಗಿರುವ ಬಿಳಿ ಕುರಿಗಳು. ತುಂಬಾ ಚೆನ್ನಾಗಿದೆ, ನಾನು ಈಗಲೂ ವರ್ಷಕ್ಕೆರಡು ಸಲ ಹೋಗೋದು ಅದಕ್ಕೇ. ಆದರೆ ಅಲ್ಲಿ ಒಂದು ತೊರೆ, ಒಂದು ಹಳ್ಳ ಇಲ್ಲ. ಸುಣ್ಣದಕಲ್ಲು ತುಂಬಾ ಬಿರುಕು. ಬಿದ್ದ ಮಳೆ ನಿಲ್ಲೋದೇ ಇಲ್ಲ, ಹಾಗೇ ಇಂಗಿ ಹೋಗುತ್ತದೆ, ಒಳಗೊಳಗೇ ಗುಹೆಗಳಲ್ಲಿ ಹರಿದು ಕೆಳಗೆ ಬಂಡೆಯ ಬುಡದಲ್ಲಿ ಹೊರಗೆ ಬರುತ್ತದೆ.

ಇದು ನನಗೆ ಗೊತ್ತಿರಲಿಲ್ಲ. ಕಾವೋರ್ ಬಿಡುವಾಗ ನನ್ನ ಹತ್ತಿರ ಇದ್ದಿದ್ದು ಎರಡು ಬಾಟಲಿ, ಒಂದೂವರೆ ಲೀಟರ್. ನದಿ ಪಕ್ಕವೇ ಅಲ್ವಾ, ನೀರಿಗೇನು ಬರ ಅಂತ. ನದಿಯ ಹೆಸರು ಬೇರೆ ಸೆಲೆ. ಫ್ರೆಂಚಿನಲ್ಲಿ ಆ ಹೆಸರಿಗೂ ನಮ್ಮ ನೀರಿನ ಸೆಲೆಗೂ ಸಂಬಂಧ ಇಲ್ಲ, ಆದರೆ ಕನ್ನಡದವನಿಗೆ ಆ ಶಬ್ದ ಕೇಳಿದರೆ ಧೈರ್ಯ ಬರುತ್ತದೆ, ನನಗೂ ಬಂದಿತ್ತು.

ಕಾಬ್ರೆರೆ ಊರು ತಲುಪಿದಾಗ ಎರಡೂವರೆ. 37 ಡಿಗ್ರಿ ಬಿಸಿಲು. ಒಂದು ಬಾಟಲಿ ಖಾಲಿ, ಇನ್ನೊಂದರಲ್ಲಿ ಅರ್ಧ. ನನಗೆ ಕಂಡ ಅಂಗಡಿ ಮುಚ್ಚಿತ್ತು, ಊಟದ ಜಾಗದಲ್ಲಿ ಅಡುಗೆಮನೆ ಬಾಗಿಲು ಹಾಕಿದ್ದರು. ಅಲ್ಲೇ ನಿಂತು ಯಾರದಾದರೂ ಮನೆ ಬಾಗಿಲು ಬಡಿದು ನೀರು ಕೇಳಬೇಕಿತ್ತು. ಕೇಳಲಿಲ್ಲ. ಫ್ರೆಂಚ್ ಆಗ ತಡವರಿಸುತ್ತಿತ್ತು, ಸಂಕೋಚ. ಮುಂದೆ ನದಿ ಸಿಗುತ್ತದೆ, ಊರು ಸಿಗುತ್ತದೆ ಅಂತ ಮತ್ತೆ ಹತ್ತಿದೆ.

ಮೇಲೆ ಹೋಗಿ ಒಂದು ಗಂಟೆಯಲ್ಲಿ ನೀರು ಮುಗಿಯಿತು. ಫೋನಿನ ನಕ್ಷೆಯಲ್ಲಿ ನದಿ 600 ಮೀಟರ್ ದೂರದಲ್ಲಿ ನೀಲಿಯಾಗಿ ಕಾಣುತ್ತಿತ್ತು. ಒಂದು ಕಡೆ ಬಂಡೆಯ ಅಂಚಿಗೆ ಹೋಗಿ ಬಗ್ಗಿ ನೋಡಿದೆ, ನೀರು ಕಣ್ಣಿಗೂ ಕಂಡಿತು. ಆದರೆ ಇಳಿಯೋ ಹಾಗಿಲ್ಲ, ನೇರ ಬಂಡೆ. ದಾರಿ ಹಿಡಿದು ಹೋದರೆ ಇನ್ನೂ ಏಳು ಕಿ.ಮೀ. ನಂದಿ ಬೆಟ್ಟದ ರೋಡಿನ ಕಿ.ಮೀ. ಅಲ್ಲ ಅದು. ಒಡೆದ ಹೆಂಚಿನ ಹಾಗೆ ಚೂಪು ಚೂಪು ಕಲ್ಲು, ಗಂಟೆಗೆ ಎಂಟು ಕಿ.ಮೀ. ಹೋದರೆ ಜಾಸ್ತಿ. ತಲೆ ನೋವು ಶುರುವಾಯಿತು. ತೊಡೆ ಹಿಡಿದುಕೊಂಡಿತು. ಕೊನೆಗೆ ಇಳಿಜಾರು ಬಂದಾಗ ನಿಧಾನ ಮಾಡಬೇಕು ಅಂತ ಬುದ್ಧಿಗೆ ಗೊತ್ತು, ಬ್ರೇಕ್ ಹಿಡಿಯೋಕೆ ಬೆರಳಿನಲ್ಲಿ ಶಕ್ತಿ ಇಲ್ಲ. ಮುಂದಿನ ಚಕ್ರ ಸಡಿಲ ಕಲ್ಲಿನ ಮೇಲೆ ಜಾರಿತು. ಎಡಗೈ ಊರಿಕೊಂಡು ಬಿದ್ದೆ, ಮಣಿಕಟ್ಟು ಮುರಿಯಿತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಬೈಕ್ ತಳ್ಳಿಕೊಂಡು ಅರ್ಧ ಗಂಟೆ ನಡೆದ ಮೇಲೆ ಒಬ್ಬ ಅಜ್ಜ ವ್ಯಾನಿನಲ್ಲಿ ಬಂದರು. ನನ್ನ ಮುಖ ನೋಡಿ ಒಂದು ಮಾತೂ ಕೇಳಲಿಲ್ಲ, ಬೈಕ್ ಎತ್ತಿ ಹಿಂದೆ ಹಾಕಿದರು. ಆಸ್ಪತ್ರೆಗೆ ಹೊರಡುವ ಮೊದಲು ಹತ್ತಿರದ ಹಳ್ಳಿಯ ಚರ್ಚಿನ ಪಕ್ಕ ವ್ಯಾನ್ ನಿಲ್ಲಿಸಿ, ಕಬ್ಬಿಣದ ಗೇಟು ತಳ್ಳಿ ಒಳಗೆ ಹೋಗಿ, ನನ್ನ ಎರಡೂ ಬಾಟಲಿ ತುಂಬಿಸಿಕೊಂಡು ಬಂದರು. ಅದು ಸ್ಮಶಾನ.

ಫ್ರಾನ್ಸಿನಲ್ಲಿ ಸೈಕಲ್ ಹೊಡೆಯೋರಿಗೆಲ್ಲ ಗೊತ್ತಿರುವ ವಿಷಯ ಇದು. ಸಮಾಧಿ ಮೇಲಿನ ಹೂವಿನ ಕುಂಡಕ್ಕೆ ನೀರು ಹಾಕೋಕೆ ಹಳ್ಳಿಯ ಸ್ಮಶಾನದಲ್ಲಿ ನಲ್ಲಿ ಇಟ್ಟಿರುತ್ತಾರೆ. ಕುಡಿಯಬಾರದ ನೀರಾದರೆ ಸಾಮಾನ್ಯವಾಗಿ ಬೋರ್ಡು ಇರುತ್ತದೆ, ‘ನೋ ಪೊತಾಬ್ಲ್’ ಅಂತ. ಆ ದಿನ ನಾನು ಅಂಥ ಮೂರು ಗೇಟು ದಾಟಿ ಬಂದಿದ್ದೆ. ನಮ್ಮ ಅಜ್ಜಿ ಸ್ಮಶಾನದ ಕಡೆ ಹೋಗಿ ಬಂದರೆ ಸ್ನಾನ ಮಾಡದೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅಲ್ಲಿ ಹೋಗಿ ಕುಡಿಯೋ ನೀರು ಹುಡುಕಬೇಕು ಅಂತ ನನಗೆ ಹೊಳೆಯೋದಾದರೂ ಹೇಗೆ?

ಏಳು ವಾರ ಕೈಗೆ ಪ್ಲಾಸ್ಟರ್. ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಮೊದಲ ಸಲ ಬಂದಿದ್ದರು. ಕಾರು ಓಡಿಸೋ ಹಾಗಿರಲಿಲ್ಲ. ಅವರು ನೋಡಬೇಕು ಅಂತ ನಾನು ಗುರುತು ಹಾಕಿಕೊಂಡಿದ್ದ ಜಾಗಗಳಲ್ಲಿ ಮುಕ್ಕಾಲು ಪಾಲು ನೋಡದೇ ವಾಪಸ್ಸು ಹೋದರು. ಕೈ ನೋವು ಮರೆತಿದೆ, ಇದು ಮರೆತಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕಾವೋರ್‌ನಿಂದ ಫಿಜಾಕ್‌ಗೆ ಹೋಗೋ ಯೋಚನೆಯನ್ನೇ ಬಿಡಿ. ಆ ಎರಡು ಊರು ಸೇರಿಸಲೇಬೇಕು ಅಂದರೆ ಕಾಬ್ರೆರೆ ಕಡೆಯಿಂದ ಸೆಲೆ ಪಕ್ಕದ ಡಿ41 ರಸ್ತೆ ಹಿಡಿದು ಹೋಗಿ, ಅದು ಚೆಂದದ ರಸ್ತೆ, ಅದಕ್ಕೆ ಮೌಂಟನ್ ಬೈಕ್ ಬೇಡ. ಟ್ರೇಲ್ ಬೇಕು ಅಂದರೆ ಒಂದೇ ಊರಿನಲ್ಲಿ ನಾಲ್ಕು ರಾತ್ರಿ ಉಳಿದುಕೊಳ್ಳಿ. ಕಾಬ್ರೆರೆ ಆಗಬಹುದು, ಮಾರ್ಸಿಯಾಕ್ ಆಗಬಹುದು. ದಿನಾ ಬೆಳಿಗ್ಗೆ ಏಳಕ್ಕೆ ಹೊರಟು 25–30 ಕಿ.ಮೀ. ಸುತ್ತು ಹಾಕಿ ಅಲ್ಲಿಗೇ ಬನ್ನಿ, ಏರು 700 ಮೀಟರ್ ದಾಟಬಾರದು. ಲಗೇಜು ಹೊರಬೇಕಾಗಿಲ್ಲ, ಸುಸ್ತಾದರೆ ಅರ್ಧಕ್ಕೇ ಇಳಿದು ಬರಬಹುದು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಇದರಲ್ಲಿ ಚೌಕಾಸಿ ಬೇಡ.

ಗುರುತಿನ ಬಗ್ಗೆ ಒಂದು ಮಾತು. ಕೆಂಪು-ಬಿಳಿ ಪಟ್ಟಿ ಜಿಆರ್ ಅನ್ನೋ, ದೂರ ನಡೆಯೋರ ದಾರಿಯದ್ದು, ನಾನು ಕಣ್ಣು ಮುಚ್ಚಿ ಹಿಂಬಾಲಿಸಿದ್ದು ಅದನ್ನೇ. ಅದರಲ್ಲಿ ಮೆಟ್ಟಿಲು ಬರುತ್ತದೆ, ಬೈಕ್ ಹೊತ್ತುಕೊಂಡು ಹತ್ತಬೇಕಾದ ಜಾಗ ಬರುತ್ತದೆ. ಬೈಕಿನ ಸುತ್ತುಗಳಿಗೆ ಬೇರೆ ಗುರುತು, ಒಂದು ತ್ರಿಕೋನ ಮತ್ತು ಎರಡು ಚಕ್ರ. ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟದ ಲೆಕ್ಕ. ನೀಲಿಯಿಂದ ಶುರು ಮಾಡಿ.

ಮಧ್ಯಾಹ್ನ ಬಿಸಿಲಿಗೆ ಪೆಶ್ ಮೆರ್ಲ್ ಗುಹೆಗೆ ಹೋಗಿ, ಕಾಬ್ರೆರೆ ಪಕ್ಕದಲ್ಲೇ ಇದೆ. 1922ರಲ್ಲಿ ಹದಿಹರೆಯದ ಹುಡುಗರು ಕಂಡುಹಿಡಿದದ್ದು. ಚುಕ್ಕೆ ಚುಕ್ಕೆ ಕುದುರೆಗಳ ಚಿತ್ರ, ಸುತ್ತ ಮನುಷ್ಯರ ಅಂಗೈ ಗುರುತು, ಇಪ್ಪತ್ತೈದು ಸಾವಿರ ವರ್ಷಕ್ಕೂ ಹಳೆಯದು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಬುಕ್ ಮಾಡಿ. ಒಳಗೆ ನಿಂತಾಗ ಗೊತ್ತಾಗುತ್ತದೆ, ಮೇಲೆ ನನಗೆ ಸಿಗದ ನೀರು ಲಕ್ಷಾಂತರ ವರ್ಷ ಇಂಥ ಜಾಗಗಳನ್ನು ಕೊರೆಯುತ್ತಿತ್ತು ಅಂತ. ಸಂಜೆ ಬೂಝಿಯೆಸ್ ಹತ್ತಿರ ಬಂಡೆಯೊಳಗೆ ಕಡಿದ ಹಳೆ ದಾರಿ ನೋಡಿ. ದೋಣಿಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗೋಕೆ 19ನೇ ಶತಮಾನದಲ್ಲಿ ಮಾಡಿದ್ದು. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ನದಿ ಪಕ್ಕದ ಸಮತಟ್ಟು ದಾರಿ ಅದೇ, ಆದರೆ ತೀರಾ ಚಿಕ್ಕದು. ನಡೆಯೋರು ಜಾಸ್ತಿ, ಬೈಕ್ ಇಳಿದು ತಳ್ಳಿಕೊಂಡು ಹೋಗಿ.

ಬೈಕ್ ಯಾವುದಾದರೂ ಸರಿ, ಟೈರ್ ನೋಡಿ. ಅಗಲದ ಟೈರು, ಟ್ಯೂಬ್‌ಲೆಸ್, ಪಕ್ಕದ ಗೋಡೆ ಗಟ್ಟಿ ಇರಬೇಕು, ಆ ಕಲ್ಲು ಬ್ಲೇಡಿನ ಹಾಗೆ ಕೊಯ್ಯುತ್ತದೆ. ನೀವು ಹೋಗೋದು ಮೇ ಕೊನೆಗೆ, ಮಳೆ ಬರಬಹುದು. ಒದ್ದೆಯಾದ ಸುಣ್ಣದಕಲ್ಲು ಅಂದರೆ ಪಾಚಿ ಕಟ್ಟಿದ ಬಚ್ಚಲು ಕಲ್ಲು, ಅವತ್ತು ಇಳಿಜಾರಿಗೆ ಹೋಗಬೇಡಿ.

ನಿಮ್ಮ ರೂಟ್ ಫೈಲ್ ಇಲ್ಲಿ ಹಾಕಿ. ದಾರಿಯಲ್ಲಿ ಬರುವ ಸ್ಮಶಾನದ ನಲ್ಲಿ ನನಗೆ ಗೊತ್ತಿರೋದನ್ನೆಲ್ಲ ಗುರುತು ಮಾಡಿ ಕಳಿಸುತ್ತೇನೆ.